ಸೆಕೆಂಡ್‌ಹ್ಯಾಂಡ್ ಸರ್ವರ್ ಬಾಕ್ಸ್ ತಗೊಂಡ್ರೆ ನಿಮ್ಮ ಹಾರ್ಡ್ ಡಿಸ್ಕ್ ಅದರಲ್ಲಿ ಓಡುತ್ತಾ?

(ಈ ವಾರದ ಎಪಿಸೋಡ್‌ನ ಬರಹ ರೂಪ)

ಈ ವಾರ ನಾನು ದುಡ್ಡು ಕೊಟ್ಟು ಕಲಿತ ಪಾಠ ಒಂದನ್ನ ಹೇಳ್ತೀನಿ.

ಕಳೆದ ವರ್ಷ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ಕೈಕೊಟ್ಟಿತು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಜೊತೆ ಕೂತು ಮಾಡಿದ ಮೂರು ಗಂಟೆಯ ರೆಕಾರ್ಡಿಂಗ್ ಅದರಲ್ಲಿತ್ತು. ನೀವು ಕೇಳಿದ್ದು ಎಡಿಟ್ ಆದ ನಲವತ್ತು ನಿಮಿಷ ಅಷ್ಟೇ, ಉಳಿದದ್ದು ಹೋಯ್ತು. ಆ ಹಿರಿಯರೂ ಈಗ ಇಲ್ಲ. ಇನ್ನು ಹೀಗೆ ಆಗಬಾರದು ಅಂತ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ, 12 ಡಿಸ್ಕ್ ಹಿಡಿಯೋ ಹಳೇ ಸರ್ವರ್ ಸ್ಟೋರೇಜ್ ಬಾಕ್ಸ್ ತಂದೆ. ಜೊತೆಗೆ ಬೇರೆ ಕಡೆಯಿಂದ 4 ಟಿಬಿಯ ಆರು ಹಳೇ ಡಿಸ್ಕ್ ತಂದೆ. ಮನೆಗೆ ಬಂದು ಆನ್ ಮಾಡಿದರೆ, ನಾಲ್ಕು ಡಿಸ್ಕ್ ಸುಮಾರು 2 ಟಿಬಿ ಅಂತ ತೋರಿಸ್ತು, ಇನ್ನೆರಡು ಸೊನ್ನೆ!

ಡಿಸ್ಕ್ ಯಾವುದೂ ಕೆಟ್ಟಿರಲಿಲ್ಲ. ಬಾಕ್ಸೂ ಕೆಟ್ಟಿರಲಿಲ್ಲ. ಒಂದಕ್ಕೊಂದು ಹೊಂದಿಕೆ ಇರಲಿಲ್ಲ, ಅಷ್ಟೇ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕನೆಕ್ಟರ್

ಸರ್ವರ್ ಲೋಕದಲ್ಲಿ ಎರಡು ಬಗೆ ಹಾರ್ಡ್ ಡಿಸ್ಕ್ ಇವೆ: ಸಾಟಾ ಮತ್ತು ಸ್ಯಾಸ್. ಸಾಟಾ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿರೋದು. ಸ್ಯಾಸ್ ಕಂಪನಿಗಳ ಸರ್ವರ್‌ಗೆ ಮಾಡಿದ್ದು. ನೋಡೋಕೆ ಅಣ್ಣ ತಮ್ಮಂದಿರ ಹಾಗೆ ಇರ್ತವೆ, ಆದರೆ ನಿಯಮ ಒಂದೇ ದಿಕ್ಕಿನದು. ಸ್ಯಾಸ್ ಬಾಕ್ಸ್‌ಗೆ ಸಾಟಾ ಡಿಸ್ಕ್ ಹಾಕಬಹುದು, ಓಡುತ್ತೆ. ಸಾಟಾ ಮಾತ್ರ ಗೊತ್ತಿರೋ ಬೋರ್ಡ್‌ಗೆ ಸ್ಯಾಸ್ ಡಿಸ್ಕ್ ಹಾಕೋಕಾಗಲ್ಲ. ಹಳೇ ಸ್ಯಾಸ್ ಡಿಸ್ಕ್ ಅಗ್ಗಕ್ಕೆ ಸಿಗೋದಕ್ಕೆ ಇದೂ ಒಂದು ಕಾರಣ: ಮನೆ ಕಂಪ್ಯೂಟರ್‌ನವರಿಗೆ ಅದು ನೇರವಾಗಿ ಉಪಯೋಗಕ್ಕೆ ಬರಲ್ಲ.

2 ಟಿಬಿಯ ಗೋಡೆ

ನನ್ನ ನಾಲ್ಕು ಡಿಸ್ಕ್ ಅರ್ಧ ಮಾತ್ರ ಕಂಡಿದ್ದು ಯಾಕೆ? ಬಾಕ್ಸ್ ಜೊತೆ ಬಂದಿದ್ದ ಕಂಟ್ರೋಲರ್ ಕಾರ್ಡ್ ಮೊದಲ ತಲೆಮಾರಿನ ಸ್ಯಾಸ್, ಅಂದ್ರೆ ಸೆಕೆಂಡಿಗೆ 3 ಗಿಗಾಬಿಟ್‌ನದು. ಆ ಕಾಲದ ಎಲ್‌ಎಸ್‌ಐ 1068ಇ ಥರದ ಚಿಪ್‌ಗಳು 2 ಟಿಬಿ ದಾಟಿ ನೋಡಲ್ಲ.

ಬಿ.ಕಾಂ ಓದಿದವನ ಭಾಷೆಯಲ್ಲಿ ಹೇಳ್ತೀನಿ. ಲೆಡ್ಜರ್‌ನಲ್ಲಿ ಪುಟ ಸಂಖ್ಯೆಗೆ ನಾಲ್ಕೇ ಅಂಕಿಯ ಜಾಗ ಇದ್ರೆ, 9999ರ ನಂತರದ ಪುಟ ಇದ್ದೂ ಇಲ್ಲದ ಹಾಗೆ. ಇಲ್ಲೂ ಹಾಗೇ. ಹಾರ್ಡ್ ಡಿಸ್ಕ್ ಅನ್ನೋದು ಸೆಕ್ಟರ್ ಅನ್ನೋ ಸಣ್ಣ ಸಣ್ಣ ಪುಟಗಳ ಪುಸ್ತಕ. 32 ಬಿಟ್ ವಿಳಾಸದಲ್ಲಿ ಸುಮಾರು 429 ಕೋಟಿ ಸೆಕ್ಟರ್ ಎಣಿಸಬಹುದು. ಒಂದೊಂದು ಸೆಕ್ಟರ್ 512 ಬೈಟ್. ಗುಣಿಸಿದರೆ 2.2 ಟಿಬಿ. ಅಲ್ಲಿಗೆ ಲೆಕ್ಕ ಮುಗೀತು.

ಪರಿಹಾರ ಸುಲಭ: 6 ಗಿಗಾಬಿಟ್‌ನ, ಅಂದ್ರೆ ಎರಡನೇ ತಲೆಮಾರಿನ ಕಾರ್ಡ್. ಎಲ್‌ಎಸ್‌ಐ 9211-8ಐ ಇದರಲ್ಲಿ ಹೆಸರುವಾಸಿ. ಆದರೆ ಒಂದು ಎಚ್ಚರಿಕೆ. ಡಿಸ್ಕ್‌ಗಳು ಬಂದು ಕೂರೋ ಹಿಂಬದಿಯ ಬೋರ್ಡ್‌ಗೆ ಬ್ಯಾಕ್‌ಪ್ಲೇನ್ ಅಂತಾರೆ. ಕೆಲವು ಬ್ಯಾಕ್‌ಪ್ಲೇನ್‌ನಲ್ಲಿ ಎಕ್ಸ್‌ಪ್ಯಾಂಡರ್ ಅನ್ನೋ ಚಿಪ್ ಇರುತ್ತೆ. ಅದೂ ಹಳೇ ತಲೆಮಾರಿನದಾದರೆ ಕಾರ್ಡ್ ಬದಲಾಯಿಸಿಯೂ ಗೋಡೆ ಹಾಗೇ ಉಳೀಬಹುದು. ನನ್ನದರಲ್ಲಿ ಎಕ್ಸ್‌ಪ್ಯಾಂಡರ್ ಇರಲಿಲ್ಲ. ಅದು ಅದೃಷ್ಟ, ಜಾಣತನ ಅಲ್ಲ.

ಕಾರ್ಡ್ ತಗೊಳ್ಳುವಾಗ ‘ಐಟಿ ಮೋಡ್’ ಇದೆಯಾ ಅಂತ ಕೇಳಿ. ಆ ಮೋಡ್‌ನಲ್ಲಿ ಕಾರ್ಡ್ ತನ್ನ ಬುದ್ಧಿ ಖರ್ಚು ಮಾಡದೆ ಡಿಸ್ಕ್‌ಗಳನ್ನ ಇದ್ದ ಹಾಗೇ ಸಿಸ್ಟಮ್‌ಗೆ ಒಪ್ಪಿಸುತ್ತೆ. ರೇಡ್ ಕಾರ್ಡ್‌ಗಳು ಹಾಗಲ್ಲ, ಕೆಲವು ತಮ್ಮ ಕಂಪನಿಯ ಡಿಸ್ಕ್ ಅಲ್ಲದಿದ್ದರೆ ಮುಖ ತಿರುಗಿಸ್ತವೆ. 2010ರಲ್ಲಿ ಡೆಲ್ ತನ್ನ ಹೊಸ ರೇಡ್ ಕಾರ್ಡ್‌ಗಳಲ್ಲಿ ಬೇರೆ ಡಿಸ್ಕ್‌ಗಳಿಗೆ ತಡೆ ಹಾಕಿತ್ತು. ಗ್ರಾಹಕರು ಸಿಟ್ಟಾದ ಮೇಲೆ ಅದೇ ವರ್ಷ ತೆಗೆದುಹಾಕಿತು.

ಸೊನ್ನೆ ತೋರಿಸಿದ ಆ ಎರಡು

ಕಾರ್ಡ್ ಬದಲಾದ ಮೇಲೆ ನಾಲ್ಕು ಡಿಸ್ಕ್ ಸರಿಹೋದವು, ಎರಡು ಮಾತ್ರ ಸೊನ್ನೆಯಲ್ಲೇ ಕೂತವು. ಅವು ದೊಡ್ಡ ಸ್ಟೋರೇಜ್ ಮಶೀನ್‌ನಿಂದ ಬಿಚ್ಚಿದ್ದು. ನೆಟ್‌ಆ್ಯಪ್, ಇಎಂಸಿ ಮಾದರಿಯ ಮಶೀನ್‌ಗಳಲ್ಲಿ ಸೆಕ್ಟರ್ 512 ಅಲ್ಲ, 520 ಬೈಟ್ ಇರುತ್ತೆ. ಹೆಚ್ಚಿನ 8 ಬೈಟ್‌ನಲ್ಲಿ ಡೇಟಾ ಸರಿ ಇದೆಯಾ ಅಂತ ತಾಳೆ ನೋಡೋ ಮಾಹಿತಿ ಇಡ್ತಾರೆ. ನಮ್ಮ ಲಿನಕ್ಸ್‌ಗೆ 520 ಅರ್ಥ ಆಗಲ್ಲ.

ಲಿನಕ್ಸ್‌ನಲ್ಲಿ ‘ಎಸ್‌ಜಿ ಫಾರ್ಮ್ಯಾಟ್’ ಅನ್ನೋ ಉಚಿತ ಸಾಧನದಿಂದ ಅದನ್ನ 512ಕ್ಕೆ ತರಬಹುದು. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತೆ, ಒಂದೊಂದು ಡಿಸ್ಕ್‌ಗೆ ಗಂಟೆಗಟ್ಟಲೆ ಹಿಡಿಯುತ್ತೆ. ಮಧ್ಯೆ ಕರೆಂಟ್ ಹೋಗಬಾರದು, ಹೋದರೆ ಮೊದಲಿಂದ ಮಾಡಬೇಕು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಇನ್ನೂ ಎರಡು ಚಿಕ್ಕ ಬಲೆಗಳು

ಒಂದು, ಟ್ರೇ. ಡಿಸ್ಕ್ ಕೂರಿಸೋ ಆ ತಟ್ಟೆ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದಲ್ಲ. ದೊಡ್ಡ ಸಾಮರ್ಥ್ಯದ ಹೊಸ ಡಿಸ್ಕ್‌ಗಳಲ್ಲಿ ಮಧ್ಯದ ಸ್ಕ್ರೂ ತೂತಿನ ಜಾಗವೇ ಬದಲಾಗಿರೋದೂ ಉಂಟು. ಬಾಕ್ಸ್ ಜೊತೆಗೆ ಟ್ರೇ ಎಷ್ಟಿವೆ ಅಂತ ಅಂಗಡಿಯಲ್ಲೇ ಎಣಿಸಿ.

ಎರಡು, ಹೊಸ ಡಿಸ್ಕ್ ಹಾಕಿದರೆ ತಿರುಗೋದೇ ಇಲ್ಲ. ಹಳೇ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬರ್ತಿತ್ತು. ಹೊಸ ನಿಯಮದಲ್ಲಿ ಅದೇ ಪಿನ್‌ಗೆ ವೋಲ್ಟೇಜ್ ಬಂದರೆ ‘ಆಫ್ ಆಗು’ ಅಂತ ಅರ್ಥ. ಹಳೇ ಬಾಕ್ಸ್ ಗೊತ್ತಿಲ್ಲದೆ ಆಫ್ ಆಗು ಅಂತ ಹೇಳ್ತಾನೇ ಇರುತ್ತೆ. ಆ ಪಿನ್‌ಗೆ ಕ್ಯಾಪ್ಟನ್ ಟೇಪ್‌ನ ಸಣ್ಣ ಚೂರು ಅಂಟಿಸಿ ಎಷ್ಟೋ ಜನ ಸರಿ ಮಾಡ್ಕೊಂಡಿದ್ದಾರೆ.

ಹಳೇ ಡಿಸ್ಕ್‌ನ ವಯಸ್ಸು

ಪ್ರತಿ ಡಿಸ್ಕ್ ತಾನು ಎಷ್ಟು ಗಂಟೆ ಓಡಿದೆ ಅಂತ ಬರೆದಿಟ್ಟುಕೊಳ್ಳುತ್ತೆ. ಐದು ವರ್ಷ ನಿರಂತರ ಅಂದ್ರೆ 43,800 ಗಂಟೆ. ಆ ಅಂಕಿ ನೋಡದೆ ದುಡ್ಡು ಕೊಡಬೇಡಿ. ಆದರೆ ಅಂಕಿಯನ್ನೂ ಪೂರ್ತಿ ನಂಬಬೇಡಿ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಬಳಸಿದ ಸೀಗೇಟ್ ಡಿಸ್ಕ್‌ಗಳನ್ನ ಹೊಸದು ಅಂತ ಮಾರಿದ್ದು ಬಯಲಾಯ್ತು. ಮಾಮೂಲಿ ಗಂಟೆ ಲೆಕ್ಕ ಸೊನ್ನೆಗೆ ತಿರುಗಿಸಲಾಗಿತ್ತು. ಸೀಗೇಟ್ ಡಿಸ್ಕ್‌ನೊಳಗೇ ಇರೋ ‘ಫಾರ್ಮ್’ ಅನ್ನೋ ಇನ್ನೊಂದು ದಾಖಲೆ ನಿಜ ಹೇಳ್ತು.

ಲೆಕ್ಕ ಕೂಡೋಣ

ನನಗೆ ಬಾಕ್ಸ್‌ಗೆ ಆದಷ್ಟೇ ಖರ್ಚು ಕಾರ್ಡ್, ಕೇಬಲ್, ಟ್ರೇಗೂ ಆಯ್ತು. ಕರೆಂಟ್ ಬೇರೆ. ಬಾಕ್ಸ್ 200 ವ್ಯಾಟ್ ತಿಂದರೆ ತಿಂಗಳಿಗೆ 144 ಯೂನಿಟ್. ಹಾಗಾಗಿ ಖರೀದಿ ಬೆಲೆ ನೋಡಿ ಖುಷಿಪಡಬೇಡಿ, ಪೂರ್ತಿ ವೆಚ್ಚ ಕೂಡಿಸಿ. ಎರಡು ಡಿಸ್ಕ್‌ನಲ್ಲಿ ಮುಗಿಯೋ ಕೆಲಸ ಆದರೆ ಈ ತಲೆನೋವೇ ಬೇಡ.

ಅಂಗಡಿಯಲ್ಲಿ ಕೇಳೋ ಪ್ರಶ್ನೆ ನಾಲ್ಕು: ಕಾರ್ಡೂ ಬ್ಯಾಕ್‌ಪ್ಲೇನೂ ಎಷ್ಟು ಗಿಗಾಬಿಟ್? ಡಿಸ್ಕ್ ಸೆಕ್ಟರ್ 512ಆ, 520ಆ? ಟ್ರೇ ಎಷ್ಟು? ಗಂಟೆ ಎಷ್ಟು? ಸಾಧ್ಯವಾದರೆ ನಿಮ್ಮದೇ ಒಂದು ದೊಡ್ಡ ಡಿಸ್ಕ್ ತಗೊಂಡು ಹೋಗಿ, ಅಲ್ಲೇ ಹಾಕಿ ನೋಡಿ.

ಕೊನೇ ಮಾತು. 12 ಡಿಸ್ಕ್ ಒಂದೇ ಬಾಕ್ಸ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಸಿಡಿಲು ಬಡಿದರೆ ಎಲ್ಲ ಒಟ್ಟಿಗೆ ಹೋಗುತ್ತೆ. ಈಗ ನನ್ನ ಎಲ್ಲ ರೆಕಾರ್ಡಿಂಗ್‌ನ ಇನ್ನೊಂದು ಪ್ರತಿ ತುಮಕೂರಿನಲ್ಲಿ ಅಕ್ಕನ ಮನೆ ಬೀರುವಿನಲ್ಲಿದೆ. ಪೋಸ್ಟ್‌ಮ್ಯಾನ್ ಅವರ ಆ ಎರಡು ಗಂಟೆ ಇಪ್ಪತ್ತು ನಿಮಿಷದ ಮಾತು ಮಾತ್ರ ಯಾವ ಬೀರುವಿನಲ್ಲೂ ಇಲ್ಲ. ನಿಮ್ಮ ಫೋನ್‌ನಲ್ಲಿ ಅಜ್ಜಿಯದೋ ಅಪ್ಪನದೋ ಧ್ವನಿ ಇದ್ರೆ, ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಮುಂದಿನ ವಾರ ಸಿಗೋಣ.