ಗುಲಾಬಿ ತೋಟದಲ್ಲಿ ಡಿಎನ್‌ಎ ನಕಲು

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ 1434 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೋಟಗಾರಿಕೆ ಇಲಾಖೆಯ ಗುಲಾಬಿ ತೋಟ ನೋಡದೆ ಯಾರೂ ಬೆಟ್ಟ ಇಳಿಯುವುದಿಲ್ಲ. ಹೆಸರಾಂತ ಗುಲಾಬಿ ತಳಿಗಳನ್ನು ಬೀಜದಿಂದ ಬೆಳೆಸುವುದಿಲ್ಲ, ಕಣ್ಣು ಕಸಿಯಿಂದಲೋ ಕಡ್ಡಿಯಿಂದಲೋ ಬೆಳೆಸುತ್ತಾರೆ. ಹಾಗಾಗಿ ಒಂದು ತಳಿಯ ಗಿಡಗಳೆಲ್ಲ ಮೊದಲ ಗಿಡವೊಂದರ ಮುಂದುವರಿಕೆ. ದಶಕಗಳಾದರೂ ಬಣ್ಣ ಕೆಡದಿರುವುದು ಜೀವಕೋಶಗಳು ಡಿಎನ್‌ಎಯನ್ನು ಅಷ್ಟು ನಿಖರವಾಗಿ ನಕಲು ಮಾಡುವುದರಿಂದ.

ತಪ್ಪು ಕಲ್ಪನೆ: ಕಸಿಯಲ್ಲಿ ಎರಡು ಗಿಡಗಳ ಡಿಎನ್‌ಎ ಬೆರೆತು, ಹೂವು ಕ್ರಮೇಣ ಕಾಡುಗುಲಾಬಿಯಾಗುತ್ತದೆ.

ವಾಸ್ತವ: ಕಣ್ಣಿನಿಂದ ಬಂದ ಕೊಂಬೆ ತನ್ನ ಡಿಎನ್‌ಎಯನ್ನೇ ನಕಲು ಮಾಡುತ್ತ ಬೆಳೆಯುತ್ತದೆ. ಕಾಡುಗುಲಾಬಿ ಕಂಡರೆ, ಕಣ್ಣು ಕೂಡಿಸಿದ ಬುಡಗಿಡ ಕಸಿಯ ಕೆಳಗಿನಿಂದ ಚಿಗುರಿ ಆ ಕೊಂಬೆಯನ್ನು ಸೊರಗಿಸಿರುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಡಿಎನ್‌ಎಯ ಅಕ್ಷರಗಳಲ್ಲಿ 'ಎ'ಗೆ 'ಟಿ', 'ಜಿ'ಗೆ 'ಸಿ' ಎಂಬ ಜೋಡಿ ನಿಯಮವೊಂದೇ ನಿಖರತೆಗೆ ಸಾಕು.

ವಾಸ್ತವ: ಈ ಜೋಡಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧವನ್ನಷ್ಟೇ ನಂಬಿದ್ದರೆ ಸುಮಾರು ನೂರಕ್ಕೊಂದು ತಪ್ಪಾಗುತ್ತಿತ್ತು. ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಗುರುತಿಸಿದ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಜೋಡಿಯ ಆಕಾರವನ್ನೂ ಪರೀಕ್ಷಿಸುತ್ತದೆ. ಜೋಡಿ ಸರಿಯಿದ್ದರೆ ಮಾತ್ರ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ತಪ್ಪು ಲಕ್ಷಕ್ಕೊಂದರ ಆಸುಪಾಸಿಗೆ ಇಳಿಯುತ್ತದೆ. ಆದರೂ ತಪ್ಪು ಅಕ್ಷರ ಸೇರಿಬಿಟ್ಟರೆ ಹೊಸ ಎಳೆಯ ತುದಿ ಸರಿಯಾಗಿ ಕೂರುವುದಿಲ್ಲ, ಕೆಲಸ ತಡವರಿಸುತ್ತದೆ. ಆಗ ತುದಿ ಕಿಣ್ವದ ಇನ್ನೊಂದು ಮೂಲೆಗೆ ಸರಿದು, ಅಲ್ಲಿ ಆ ಅಕ್ಷರ ಕತ್ತರಿಸಿಹೋಗುತ್ತದೆ. ಈಗ ಕೋಟಿಗೊಂದು ತಪ್ಪು. ನಕಲು ಮುಂದೆ ಸಾಗಿದ ಮೇಲೆ ಬೇರೆ ಪ್ರೋಟೀನುಗಳು ಬಂದು ಹೊಂದದ ಜೋಡಿಗಳನ್ನು ಹುಡುಕಿ ದುರಸ್ತಿ ಮಾಡುತ್ತವೆ. ಕೊನೆಗೆ ಉಳಿಯುವುದು ಸುಮಾರು ನೂರು ಕೋಟಿ ಅಕ್ಷರಕ್ಕೊಂದು. ತಪ್ಪೇ ಮಾಡದ ಯಂತ್ರಕ್ಕಿಂತ, ತಪ್ಪನ್ನು ಹೀಗೆ ಬೆನ್ನಟ್ಟುವ ಈ ವ್ಯವಸ್ಥೆ ನನಗೆ ಹೆಚ್ಚು ಅದ್ಭುತವೆನಿಸುತ್ತದೆ.

ತಪ್ಪು ಕಲ್ಪನೆ: ಹೊಂದದ ಜೋಡಿಯಲ್ಲಿ ಯಾವ ಅಕ್ಷರ ಬದಲಿಸಿದರೂ ಆದೀತು.

ವಾಸ್ತವ: ಹಳೆಯ ಎಳೆಯನ್ನು ತಿದ್ದಿದರೆ ತಪ್ಪೇ ಕಾಯಂ ಆಗುತ್ತದೆ. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಹಳೆಯ ಎಳೆಗೆ ಮೀಥೈಲ್ ಗುರುತಿರುತ್ತದೆ, ಹೊಸದಕ್ಕೆ ಇನ್ನೂ ಬಿದ್ದಿರುವುದಿಲ್ಲ. ಈ ದುರಸ್ತಿಯನ್ನು ಬಿಡಿಸಿಟ್ಟ ಪಾಲ್ ಮಾಡ್ರಿಚ್ 2015ರ ನೊಬೆಲ್ ಹಂಚಿಕೊಂಡರು. ನಮ್ಮ ಜೀವಕೋಶಗಳಿಗೆ ಹೊಸ ಎಳೆಯಲ್ಲಿ ಇನ್ನೂ ಬೆಸೆಯದ ಬಿರುಕುಗಳು ನೆರವಾಗುತ್ತವೆ.

ತಪ್ಪು ಕಲ್ಪನೆ: ಉಳಿದ ತಪ್ಪೆಲ್ಲ ಕೇಡೇ.

ವಾಸ್ತವ: ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ಘೋರ: ದುರಸ್ತಿ ಜೀನಿನ ದೋಷ ವಂಶದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮ್‌ನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಬಹಳ ಹೆಚ್ಚು. ಗುಲಾಬಿಯಲ್ಲಿ ಒಮ್ಮೊಮ್ಮೆ ಒಂದೇ ಕೊಂಬೆ ಬೇರೆ ಬಣ್ಣದ ಹೂ ಬಿಡುವುದೂ ಡಿಎನ್‌ಎ ಬದಲಾವಣೆಯಿಂದಲೇ. 'ಪೀಸ್' ತಳಿಯಿಂದ 'ಷಿಕಾಗೋ ಪೀಸ್' ದೊರೆತದ್ದು ಹೀಗೆ. ಕಸಿಯ ಮೇಲ್ಭಾಗದಲ್ಲಿ ಅಂಥ ಕೊಂಬೆ ಕಂಡರೆ ಸವರಬೇಡಿ, ಅದರ ಕಣ್ಣು ತೆಗೆದು ಕಸಿ ಕಟ್ಟಿ ನೋಡಿ.