‘ಸಿನ್ಸ್’ ಮತ್ತು ‘ಬಿಕಾಸ್’

ಪ್ರಯೋಗದ ವರದಿಗಳಲ್ಲಿ ‘ಸಿನ್ಸ್’, ‘ಬಿಕಾಸ್’ ಎಂಬ ಇಂಗ್ಲಿಷ್ ಅವ್ಯಯಗಳನ್ನು ಒಂದೇ ಎಂದು ಬಗೆದು ಬಳಸುವುದನ್ನು ನಾವು ಆಗಾಗ ಕಾಣುತ್ತೇವೆ. ‘ಬಿಕಾಸ್’ ಕಾರಣವನ್ನು ಮಾತ್ರ ಹೇಳುತ್ತದೆ. ‘ಸಿನ್ಸ್’ ಕಾರಣವನ್ನೂ ಹೇಳೀತು, ಕಾಲವನ್ನೂ ಹೇಳೀತು. ‘ಸಿನ್ಸ್ ದಿ ಕರೆಂಟ್ ವಾಸ್ ಸ್ವಿಚ್ಡ್ ಆನ್, ದಿ ನೀಡಲ್ ಹ್ಯಾಸ್ ಮೂವ್ಡ್’ ಎಂದು ಬರೆದರೆ, ವಿದ್ಯುತ್ತು ಹರಿದ ಬಳಿಕ ಸೂಚಿ ಅಲುಗಿತೋ, ಹರಿದುದರಿಂದಲೇ ಅಲುಗಿತೋ ತಿಳಿಯದು.

ಈ ಭೇದ ವಿಜ್ಞಾನಕ್ಕೆ ಅತ್ಯಗತ್ಯ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗಿದುದನ್ನು ಕಂಡನು. ಪ್ರವಾಹದ ದಿಕ್ಕನ್ನು ಬದಲಿಸಿದಾಗ ಮುಳ್ಳೂ ಎದುರು ದಿಕ್ಕಿಗೆ ಬಾಗಿತು. ‘ಬಿಕಾಸ್’ ಎನ್ನಲು ಆಧಾರ ದೊರೆತುದು ಇಂಥ ಪರೀಕ್ಷೆಯಿಂದಲೇ.

ಆದುದರಿಂದ ಕಾಲಕ್ರಮಕ್ಕೆ ‘ಆಫ್ಟರ್’ ಎನ್ನೋಣ. ಪರೀಕ್ಷಿಸಿ ತಿಳಿದ ಕಾರಣಕ್ಕೆ ‘ಬಿಕಾಸ್’ ಎನ್ನೋಣ.