ವೈನ್ (ತಂತ್ರಾಂಶ)

ವೈನ್ ಎಂಬುದು ವಿಂಡೋಸ್‌ಗಾಗಿ ರಚಿಸಲಾದ ಆಟಗಳನ್ನೂ ಇತರ ತಂತ್ರಾಂಶಗಳನ್ನೂ ಲಿನಕ್ಸ್‌ನಲ್ಲಿ ನಡೆಸಲು ನೆರವಾಗುವ ಮುಕ್ತ ತಂತ್ರಾಂಶ. 1993ರಲ್ಲಿ ಆರಂಭವಾದ ಈ ಯೋಜನೆಯನ್ನು 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಮುನ್ನಡೆಸುತ್ತಿದ್ದಾರೆ. ಇದರ 1.0 ಆವೃತ್ತಿ ಹೊರಬಂದದ್ದು ಹದಿನೈದು ವರ್ಷಗಳ ಬಳಿಕ, 2008ರಲ್ಲಿ. ಲಾಂಛನದಲ್ಲಿ ದ್ರಾಕ್ಷಾರಸದ ಬಟ್ಟಲಿದ್ದರೂ ‘ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್’, ಅಂದರೆ ‘ವೈನ್ ಅನುಕರಣ ಯಂತ್ರವಲ್ಲ’ ಎಂಬುದೇ ಹೆಸರಿನ ವಿವರಣೆ.

ಕಿಟಕಿ ತೆರೆಯಲು, ಚಿತ್ರ ಮೂಡಿಸಲು, ಧ್ವನಿ ಹೊರಡಿಸಲು ಆಟವು ವಿಂಡೋಸ್‌ಗೆ ಕೋರಿಕೆ ಸಲ್ಲಿಸುತ್ತದೆ. ವೈನ್ ಆ ಕೋರಿಕೆಯನ್ನು ತಾನೇ ಸ್ವೀಕರಿಸಿ ಲಿನಕ್ಸ್‌ಗೆ ತಿಳಿಯುವಂತೆ ಮಾರ್ಪಡಿಸುತ್ತದೆ. ಇಡೀ ಗಣಕವನ್ನು ಅನುಕರಿಸುವ ಹೊರೆಯಿಲ್ಲದ ಕಾರಣ ಸಾಮಾನ್ಯವಾಗಿ ವೇಗ ಹೆಚ್ಚು ಕುಂದುವುದಿಲ್ಲ.

ಹಳೆಯ ಆಟಗಳ ಮಟ್ಟಿಗೆ ವೈನ್‌ನ ಮಹತ್ವ ವಿಶೇಷವಾದುದು. ವಿಂಡೋಸ್ 3.1 ಕಾಲದ 16 ಬಿಟ್ ತಂತ್ರಾಂಶಗಳನ್ನು 64 ಬಿಟ್ ವಿಂಡೋಸ್ ನೇರವಾಗಿ ನಡೆಸಲಾರದು. ವಿಂಡೋಸ್ 95ರ ಕಾಲದ ಕೆಲವು ಆಟಗಳು 32 ಬಿಟ್‌ನವಾಗಿದ್ದರೂ ಅವುಗಳ ಅನುಸ್ಥಾಪಕ ಮಾತ್ರ 16 ಬಿಟ್‌ನದಾಗಿರುತ್ತದೆ. ಹೀಗಾಗಿ ಆಟ ಗಣಕದೊಳಗೆ ಬರುವುದೇ ಇಲ್ಲ. ತನ್ನ ತವರಿನಲ್ಲೇ ನೆಲೆ ಕಳೆದುಕೊಂಡ ಇಂತಹ ಹಲವು ಆಟಗಳು ವೈನ್ ಮೂಲಕ ಲಿನಕ್ಸ್‌ನಲ್ಲಿ ನಡೆಯುತ್ತವೆ. ಆದರೆ ಎಲ್ಲವೂ ಅಲ್ಲ: ಸಿ.ಡಿ. ನಕಲು ತಡೆಗೆ ವಿಂಡೋಸ್‌ನ ಒಳಪದರವನ್ನೇ ಆಶ್ರಯಿಸಿದ ಆಟಗಳು ಹಲವು ವೇಳೆ ಮೊದಲ ಪರದೆಯನ್ನೂ ತೋರಿಸವು.

ವಾಲ್ವ್ ಸಂಸ್ಥೆ 2018ರಲ್ಲಿ ಬಿಡುಗಡೆ ಮಾಡಿದ ಪ್ರೋಟಾನ್ ತಂತ್ರಾಂಶಕ್ಕೂ ವೈನ್‌ ಆಧಾರ.